ಇಲ್ಲದ ನೋವಿಗೆ ಅಕ್ಕನ ಕಷಾಯ

ಹೊಟ್ಟೆ ನೋವಿನಷ್ಟು ಮರ್ಯಾದಸ್ಥ ಕಾಯಿಲೆ ಇನ್ನೊಂದಿಲ್ಲ. ಜ್ವರ ಅಂದರೆ ಹಣೆ ಮುಟ್ಟಿ ನೋಡುತ್ತಾರೆ, ಕೆಮ್ಮು ಅಂದರೆ ಕೆಮ್ಮಿ ತೋರಿಸಬೇಕು, ಕಾಲು ನೋವು ಅಂದರೆ ಕುಂಟಬೇಕು. ಹೊಟ್ಟೆ ನೋವಿಗೆ ಮಾತ್ರ ಹೇಳಿದವನ ಮಾತೇ ಸಾಕ್ಷಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಅಲ್ಲಿಂದ ಉಳಿಸಿಕೊಂಡು ಬಂದ ವಿದ್ಯೆ ಬಹುಶಃ ಇದೊಂದೇ.

ನಾನು ನ್ಯಾಮತಿಯಲ್ಲಿ ಬಟ್ಟೆ ಹೊಲಿಯುತ್ತೇನೆ. ನನ್ನ ಅಕ್ಕ ಗಂಗಮ್ಮನನ್ನು ಜಗಳೂರು ಕಡೆಯ ಬಿಳಿಚೋಡಿಗೆ ಕೊಟ್ಟಿದೆ. ಅಲ್ಲಿಗೆ ಹೋಗಬೇಕೆಂದರೆ ಬಸ್ಸು ಬದಲಿಸಬೇಕು. ಹೋದ ಮೇಲೆ ಭಾವ ಎದುರಿಗೆ ಕೂರಿಸಿಕೊಂಡು ಬದುಕುವುದು ಹೇಗೆಂದು ಹೇಳುತ್ತಾರೆ. ಹಾಗಾಗಿ ಅಕ್ಕ ಫೋನ್ ಮಾಡಿ ಹಬ್ಬಕ್ಕೆ ಕರೆದಾಗಲೆಲ್ಲ ನನಗೆ ಹೊಟ್ಟೆ ನೋವು ಬರುತ್ತಿತ್ತು.

"ಮತ್ತೆ ಶುರುವಾತೇನೋ? ಹೆಂಗೈತೆ ನೋವು, ಹಿಂಡಿದಂಗಾ, ಚುಚ್ಚಿದಂಗಾ?"

"ಹಿಂಡಿದಂಗೆ ಕಣಕ್ಕ."

ಚುಚ್ಚಿದಂಗೆ ಅಂದರೆ ಪ್ರಶ್ನೆಗಳು ಹೆಚ್ಚುತ್ತವೆ ಎಂಬುದು ಅನುಭವದಿಂದ ತಿಳಿದಿತ್ತು.

ಆಮೇಲೆ ಈ ಕಡೆ ಬರುವ ಯಾರಾದರೊಬ್ಬರ ಕೈಯಲ್ಲಿ ಒಂದು ಪೊಟ್ಟಣ ಬರುತ್ತಿತ್ತು. ಓಮ, ಜೀರಿಗೆ, ಒಣಶುಂಠಿ ಹುರಿದು ಕುಟ್ಟಿದ ಪುಡಿ. ಕುದಿಸಿ ಕಷಾಯ ಮಾಡಿಕೊಳ್ಳಬೇಕು. ನಾನು ಅದನ್ನು ಹಾಗೇ ಗೂಡಿನಲ್ಲಿಟ್ಟು, "ಒಂದೇ ಲೋಟಕ್ಕೆ ಹೋತು ನೋಡಕ್ಕ" ಎಂದು ಫೋನ್ ಮಾಡುತ್ತಿದ್ದೆ. ಸುಳ್ಳು ಹೇಳಿದ ಮೇಲೆ ಕೃತಜ್ಞತೆಯಲ್ಲಾದರೂ ಕೊರತೆ ಮಾಡಬಾರದಲ್ಲ.

ಹೊಟ್ಟೆ ನೋವಿಗೆ ಮದ್ದು ಗೊತ್ತಿಲ್ಲದವರು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಚನ್ನಗಿರಿಯಿಂದ ಬರುವ ನನ್ನ ಗಿರಾಕಿಯೊಬ್ಬರು ವೀಳ್ಯದೆಲೆಯಲ್ಲಿ ಓಮ, ಉಪ್ಪು ಮಡಚಿ ಅಗಿಯಿರಿ ಎನ್ನುತ್ತಾರೆ. ಹೊನ್ನಾಳಿಯಲ್ಲಿರುವ ನನ್ನ ಹೆಂಡತಿಯ ತವರಲ್ಲಿ ಹೊಕ್ಕುಳಿಗೆ ಹರಳೆಣ್ಣೆ ಬಿಡುತ್ತಾರೆ. ಪಕ್ಕದ ಅಂಗಡಿಯವನು ನಿಂಬೆ ಸೋಡಾವೇ ಮೇಲು ಎನ್ನುತ್ತಾನೆ. ಅವನದು ಸೋಡಾ ಅಂಗಡಿ. ವಿಚಿತ್ರವೆಂದರೆ ಇವೆಲ್ಲಕ್ಕೂ ನೋವು ಹೋಗುತ್ತದೆ. ಅಜೀರ್ಣದ ನೋವು ತಾನಾಗಿ ಬಂದು ತಾನಾಗಿ ಹೋಗುವಂಥದ್ದು. ಹೋಗುವ ಹೊತ್ತಿಗೆ ಯಾರ ಮದ್ದು ಹೊಟ್ಟೆಯಲ್ಲಿತ್ತೋ ಅವರಿಗೆ ಹೆಸರು.

ಹೋದ ವರ್ಷ ನನ್ನ ಮಗಳ ನಿಶ್ಚಿತಾರ್ಥ. ಹಿಂದಿನ ದಿನ ಅಕ್ಕನ ಫೋನು. "ಹೊಟ್ಟೆ ನೋವು ಕಣೋ. ಬರಾಕಾಗಲ್ಲ."

ನನಗೆ ನಗು ಬಂತು. ಕಳ್ಳನ ಕಣ್ಣಿಗೆ ಊರೆಲ್ಲ ಕಳ್ಳರು.

"ಹಿಂಡಿದಂಗಾ, ಚುಚ್ಚಿದಂಗಾ?"

"ಚುಚ್ಚಿದಂಗೆ. ಬಲಗಡೆ ಪಕ್ಕೆ ಕೆಳಗೆ. ಬೆನ್ನಿಗೂ ಹೊಡೀತೈತೆ."

"ನಿನ್ನ ಕಷಾಯ ನೀನೇ ಕುಡಿ" ಎಂದು ಫೋನಿಟ್ಟೆ. ನನ್ನ ಆಟವನ್ನು ಅಕ್ಕ ನನ್ನ ಮೇಲೇ ಆಡುತ್ತಿದ್ದಾಳೆಂದು ಸ್ವಲ್ಪ ಸಿಟ್ಟೂ ಬಂದಿತ್ತು.

ನಿಶ್ಚಿತಾರ್ಥದ ಊಟದೆಲೆ ಎತ್ತುವ ಹೊತ್ತಿಗೆ ಭಾವ ಫೋನ್ ಮಾಡಿದರು. ಅಕ್ಕನನ್ನು ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ್ದರು. ಪಿತ್ತಕೋಶದಲ್ಲಿ ಕಲ್ಲು, ಅದಕ್ಕೆ ಕೀವು ಬೇರೆ. ಆಪರೇಷನ್ ಆಯಿತು. ಅಕ್ಕ ಉಳಿದಳು.

ನಾನು ನೋಡಲು ಹೋದಾಗ ಡಾಕ್ಟರು ಅವಳನ್ನು ಗದರುತ್ತಿದ್ದರು. "ವಾಂತಿ, ಜ್ವರ ಎಲ್ಲಾ ಇದ್ದರೂ ಇಷ್ಟು ದಿನ ಯಾಕಮ್ಮ ಬರಲಿಲ್ಲ? ಇನ್ನೊಂದೆರಡು ದಿನ ಬಿಟ್ಟಿದ್ದರೆ ಕಷ್ಟವಿತ್ತು."

ಅಕ್ಕ ನನ್ನತ್ತ ಕೈ ತೋರಿಸಿದಳು. "ನಮ್ಮ ತಮ್ಮಂಗೂ ಇದೇ ನೋವ್ರಿ, ಭಾಳ ವರ್ಷದಿಂದ. ಕಷಾಯದಾಗೇ ಹೋಗ್ತಿತ್ತು. ಅದ್ಕೆ ನಾನೂ ಅದ್ನೇ ಕುಡ್ಕೊಂಡು ಕುಂತೆ."

ಡಾಕ್ಟರು ನನ್ನನ್ನು ನೋಡಿದರು. "ವರ್ಷಗಟ್ಟಲೆ ನೋವಾ? ನೀವೂ ಸ್ಕ್ಯಾನ್ ಮಾಡಿಸಿ."

ಎಷ್ಟೋ ಜನರ ಹೊಟ್ಟೆಗೆ ಟೇಪು ಹಿಡಿದವನು ನಾನು. ನನ್ನ ಹೊಟ್ಟೆಯ ಒಳಗನ್ನು ಅಳೆದದ್ದು ಅದೇ ಮೊದಲು. ತಣ್ಣನೆಯ ಅಂಟು ಬಳಿದು ಅತ್ತಿತ್ತ ಒತ್ತಿ ನೋಡಿದರು. ಏನೂ ಇರಲಿಲ್ಲ.

ಡಾಕ್ಟರು ವಾರ್ಡಿಗೆ ಬಂದು ಹಾಗೆಂದಾಗ ಅಕ್ಕನ ಮುಖ ಅರಳಿತು. "ನೋಡ್ರೀ ಡಾಕ್ಟ್ರೇ, ಇದು ನನ್ನ ಕಷಾಯದ ಗುಣ! ನಂಗ್ಯಾಕ್ರಿ ಈ ಗುಳಿಗೆ?" ಎಂದು ಮಾತ್ರೆಯನ್ನು ಪಕ್ಕಕ್ಕೆ ಸರಿಸಿದಳು.

ಇನ್ನು ಸುಮ್ಮನಿರುವಂತಿರಲಿಲ್ಲ.

"ಅಕ್ಕಾ, ನಂಗೆ ಯಾವತ್ತೂ ಹೊಟ್ಟೆ ನೋವು ಬಂದೇ ಇಲ್ಲ. ನಿನ್ನ ಕಷಾಯ ನಾನು ಒಂದು ದಿನಾನೂ ಕುಡಿದಿಲ್ಲ. ಗುಳಿಗೆ ನುಂಗು."

ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಗುಳಿಗೆ ನುಂಗಿ, ನೀರು ಕುಡಿದು, ಲೋಟ ಇಟ್ಟು ಕೇಳಿದಳು: "ಮತ್ತೆ ಯಾಕೋ ಬರ್ತಿರ್ಲಿಲ್ಲ?"

ಸೋಮಾರಿತನ ಎಂದೆ. ಇಷ್ಟು ವರ್ಷ ಇಂಥ ಸಣ್ಣ ಮಾತನ್ನು ಮುಚ್ಚಲು ಅಷ್ಟು ದೊಡ್ಡ ನೋವು ಬೇಕಾಯಿತೇ ಎಂದು ನನಗೇ ಅನಿಸಿತು.

ಈಗ ಕರೆದಾಗಲೆಲ್ಲ ಹೋಗುತ್ತೇನೆ. ಹೋದ ಸಲ ಹೊರಟ ದಿನವೇ ನಿಜವಾಗಿ ಹೊಟ್ಟೆ ನೋವು ಬಂತು. ಹಾಗೆಂದು ಫೋನ್ ಮಾಡಿ ಹೇಳುವ ಮುಖ ಉಳಿದಿರಲಿಲ್ಲ. ಹೊಟ್ಟೆ ಹಿಡಿದುಕೊಂಡೇ ಬಸ್ಸು ಹತ್ತಿದೆ. ಬಾಗಿಲಲ್ಲೇ ಅಕ್ಕ ನನ್ನ ಮುಖ ನೋಡಿದಳು.

"ಹಿಂಡಿದಂಗಾ, ಚುಚ್ಚಿದಂಗಾ?"

"ನಿಜವಾಗ್ಲೂ ಹಿಂಡಿದಂಗೆ ಕಣಕ್ಕ."

ಅವಳು ಒಲೆಯ ಕಡೆ ಹೋಗಲಿಲ್ಲ. ಚಪ್ಪಲಿ ಮೆಟ್ಟಿದಳು. "ನಡಿ, ಮೊದ್ಲು ಡಾಕ್ಟ್ರಿಗೆ ತೋರಿಸಾಣ. ವಾಪಸ್ ಬಂದ್ಮೇಲೆ ಕಷಾಯ ಕುಡಿಯೋವಂತೆ. ಈ ಸಲ ನನ್ನ ಕಣ್ಮುಂದೆ."