ನಮ್ಮ ತಾರಸಿಯ ಮೇಲೆ ಹುಳವಾದವಳು

“ಅಮ್ಮ, ಯಶೋಧರಕ್ಕ ಒಂದ್ಸಲ ಹುಳ ಆಗೋದ್ರೆ ವಾಪಸ್ ಹೆಂಗೆ ಬರ್ತಾರೆ?”

ನನ್ನ ಮಗಳು ಇಂಚರ ಇದನ್ನು ಕೇಳಿದ್ದು ಬಾಯಿ ತುಂಬ ಉಪ್ಪಿಟ್ಟು ಇಟ್ಟುಕೊಂಡು, ಗೇಟಿನ ಹತ್ತಿರ ಸ್ಕೂಲ್ ವ್ಯಾನು ಹಾರ್ನ್ ಹೊಡೆಯುತ್ತಿದ್ದಾಗ. ಅವಳಿಗೆ ಐದು ವರ್ಷ. ಕಾಫಿಗೆ ಕರೆದರೆ ಬರುತ್ತಾರೆ ಅಂತ ಹೇಳಿ, ಬ್ಯಾಗು ಹೆಗಲಿಗೇರಿಸಿ ಕಳಿಸಿದೆ. ಆಮೇಲೆ ಡೈರಿ ತೆಗೆದು ಪ್ರಶ್ನೆಯನ್ನು ಬರೆದಿಟ್ಟೆ. ಅದರ ಕೆಳಗೆ ‘ಗ್ಯಾಸ್ ಬುಕ್ ಮಾಡಬೇಕು’ ಅಂತಲೂ ಬರೆದೆ, ಮರೆತೇಹೋಗುತ್ತೆ.

ಮಗು ಕೇಳಿದ್ದರಲ್ಲಿ ತಪ್ಪೇನಿಲ್ಲ. ಪಕ್ಕದ ಮನೆಯ ಯಶೋಧರಾ ಎರಡು ತಿಂಗಳಿಂದ ನಮ್ಮ ತಾರಸಿಯ ಮೇಲೆ ದಿನಾ ಹುಳ ಆಗುತ್ತಿದ್ದಳು. ಬೆಂಗಳೂರಿನಲ್ಲಿ ಆಧುನಿಕ ನೃತ್ಯ ಸಂಯೋಜನೆಯಲ್ಲಿ ಎಂ.ಎ. ಓದುತ್ತಿರುವವಳು, ಕೊನೆಯ ಸೆಮಿಸ್ಟರು. ಪರೀಕ್ಷೆ ಅಂದರೆ ಪೇಪರಲ್ಲ, ತಾನೇ ಕಟ್ಟಿದ ಅರ್ಧ ಗಂಟೆಯ ನೃತ್ಯ. ಅದನ್ನು ಕಟ್ಟುವುದಕ್ಕೆಂದೇ ಶಿಡ್ಲಘಟ್ಟಕ್ಕೆ ಬಂದು ಕೂತಿದ್ದಳು. ಅವರ ತಾರಸಿಯಲ್ಲಿ ಸೋಲಾರು, ಸಿಂಟೆಕ್ಸು, ಅವರಮ್ಮನ ಹೂವಿನ ಕುಂಡ. ಕಾಲು ಚಾಚಲೂ ಜಾಗವಿಲ್ಲ. ನಮ್ಮದರಲ್ಲಿ ಬಟ್ಟೆ ಒಣಗಿಸುವ ತಂತಿ ಬಿಟ್ಟರೆ ಬೇರೇನಿಲ್ಲ.

ನೃತ್ಯದ ವಸ್ತು ರೇಷ್ಮೆ ಹುಳ. ಹುಳ ಸೊಪ್ಪು ತಿಂದು, ಮೈ ಮಾಗಿ ಹಣ್ಣಾಗಿ, ಯಾರದೋ ಬೆರಳಿಗೆ ಸಿಕ್ಕಿ ಚಂದ್ರಿಕೆ ಅನ್ನುವ ಬಿದಿರಿನ ಚಾಪೆ ಸೇರಿ ಗೂಡು ಕಟ್ಟುವವರೆಗಿನ ಕಥೆ. ಹುಳವೂ ಅವಳೇ, ಹುಳ ಆಯುವ ಹೆಂಗಸೂ ಅವಳೇ. ಹುಳಗಳು ಪೊರೆ ಬಿಡುವ ಮುಂಚೆ ತಲೆಯೆತ್ತಿ ಅಲ್ಲಾಡದೆ ನಿಲ್ಲುತ್ತವಲ್ಲ, ಅದಕ್ಕೆ ಅವಳು ಇಟ್ಟಿದ್ದು ಏಳು ನಿಮಿಷ. ಒಂದು ಬೆಳಿಗ್ಗೆ ಎದುರು ಮನೆಯ ಶ್ಯಾಮಲಮ್ಮ ಅವಳು ಹಾಗೆ ಆಕಾಶ ನೋಡುತ್ತ ನಿಂತಿದ್ದನ್ನು ತಮ್ಮ ಅಡುಗೆಮನೆಯಿಂದ ಕಂಡು, ಒಗ್ಗರಣೆ ಮುಗಿಸಿ ಬಂದು ನೋಡಿದರೂ ಹಾಗೇ ನಿಂತಿದ್ದಾಳೆ. ಆಕೆ ಉಪ್ಪು ಮೆಣಸಿನಕಾಯಿ ಹಿಡಿದು ನಮ್ಮ ಮೆಟ್ಟಿಲು ಹತ್ತಿ ಬಂದರು. ಯಶೋಧರಾ ಅಲ್ಲಾಡಲಿಲ್ಲ. ಆಕೆ ಮೂರು ಸಲ ನಿವಾಳಿಸಿದರು. ಆಗಲೂ ಅಲ್ಲಾಡಲಿಲ್ಲ. ಏಳು ನಿಮಿಷ ಆಗಿ ಮೊಬೈಲು ಬಡಿದುಕೊಂಡಾಗ ತಲೆಯಿಳಿಸಿ, “ತಿಂಡಿ ಆಯ್ತಾ ಆಂಟಿ” ಅಂದಳು. ಶ್ಯಾಮಲಮ್ಮನಿಗೆ ತಮ್ಮ ಕೈಗುಣದ ಮೇಲೆ ಅವತ್ತಿನಿಂದ ಅಪಾರ ನಂಬಿಕೆ.

ಹೀಗೆ ನಗಾಡಿಕೊಂಡು ಹೋಗುತ್ತಿತ್ತು. ಹೋದ ಗುರುವಾರ ಅವಳ ಗೈಡ್ ಮೇಡಂ ವಿಡಿಯೊ ನೋಡಿ ವಾಯ್ಸ್ ಮೆಸೇಜ್ ಕಳಿಸಿದರು. ಹುಳ ಚೆನ್ನಾಗಿದೆ, ಹೆಂಗಸಿನ ಕೈ ಮಾತ್ರ ಸುಳ್ಳು ಹೇಳುತ್ತಿದೆ, ಹೀಗೇ ಇದ್ದರೆ ಪಾಸು ಮಾಡಲಾರೆ ಅಂತ. ಪ್ರದರ್ಶನಕ್ಕೆ ಹದಿಮೂರು ದಿನ ಉಳಿದಿತ್ತು. ಯಶೋಧರಾಳ ಅಪ್ಪ ಭಾನುಪ್ರಕಾಶ್ ಮೇಷ್ಟ್ರು ಮಗಳಿಗೆ ಅಡ್ಡ ಬಂದವರಲ್ಲ. ಹಾಲ್‌ನಲ್ಲಿ ಬುದ್ಧನ ಪಟದ ಕೆಳಗೆ ಅವಳ ಕಪ್‌ಗಳನ್ನೆಲ್ಲ ಜೋಡಿಸಿಟ್ಟಿದ್ದಾರೆ. ಆದರೆ ಮಾತು ಒಂದೇ ಆಗಿತ್ತು: ಈ ಸಲ ಪಾಸಾದರೆ ನಿನ್ನಿಷ್ಟ, ಇಲ್ಲದಿದ್ದರೆ ಜೂನ್‌ನಲ್ಲಿ ಬಿ.ಎಡ್. ಅರ್ಜಿ ತುಂಬುವುದು. ಅವಳು ಆ ಮೆಸೇಜನ್ನು ನನಗೆ ಮೂರು ಸಲ ಕೇಳಿಸಿ, ನಾಲ್ಕನೆಯ ಸಲಕ್ಕೆ ಒಣಗಿದ ಬೆಡ್‌ಶೀಟಿನ ಹಿಂದೆ ಹೋಗಿ ನಿಂತುಬಿಟ್ಟಳು. ನಾನು ಬೆಡ್‌ಶೀಟಿನ ಈಚೆಯಿಂದಲೇ ಒಂದು ಲೋಟ ಮಜ್ಜಿಗೆ ಕೊಟ್ಟೆ.

ಶನಿವಾರ ರಾತ್ರಿ ದಿಬ್ಬೂರಹಳ್ಳಿಯಿಂದ ಅವಳ ಅಜ್ಜಿ ಗಂಗುಲಮ್ಮನ ಫೋನು. ಹುಳ ಎಲ್ಲ ಒಟ್ಟಿಗೇ ಹಣ್ಣಾಗುತ್ತಿವೆ, ಆಯೋಕೆ ಕೈ ಸಾಲದು, ಯಾರು ಸಿಕ್ಕರೆ ಅವರನ್ನು ಕರೆದುಕೊಂಡು ಬಾ ಅಂತ. ಯಶೋಧರಾ ಕುಣಿದಾಡಿದಳು. ನಿಜವಾದ ಕೈ ಕಲಿಯುವುದಕ್ಕೆ ಇನ್ನೇನು ಬೇಕು? ಬೆಳಿಗ್ಗೆ ನನ್ನ ಗಂಡ ವೇಣುವಿಗೆ ಅನ್ನ ಸಾರು ಮಾಡಿಟ್ಟು, ಇಂಚರಳನ್ನು ಕರೆದುಕೊಂಡು ನಾನೂ ಹೊರಟೆ. ನನ್ನ ತವರು ಚಿಂತಾಮಣಿ ಕಡೆಯ ಹಳ್ಳಿ. ಹೈಸ್ಕೂಲು ಮುಗಿಯುವವರೆಗೂ ಹುಳದ ಮನೆಯಲ್ಲೇ ಹೋಂವರ್ಕ್ ಮಾಡಿದವಳು.

ಬಸ್ಸಿನಲ್ಲಿ ಜನ ಒಬ್ಬೊಬ್ಬರಾಗಿ ಕಿಟಕಿ ಸರಿಸತೊಡಗಿದರು. ನನಗೆ ಮೂಗು ಕಟ್ಟಿತ್ತು, ಏನೂ ತಿಳಿಯಲಿಲ್ಲ. ತಿಳಿದದ್ದು ಹುಳದ ಮನೆಯ ಹೊಸ್ತಿಲಲ್ಲಿ.

“ಅಲ್ಲೇ ನಿಲ್ಲೇ,” ಅಂದರು ಗಂಗುಲಮ್ಮ. “ಏನದು ಮೈಗೆಲ್ಲ ಬಳ್ಕೊಂಡು ಬಂದಿರೋದು?”

“ಮಂಡಿ ನೋವಿಗೆ ಸ್ಪ್ರೇ, ಅಜ್ಜಿ.”

“ನಿನ್ ಮಂಡಿಗೆ ಒಳ್ಳೇದು. ನನ್ ಹುಳಕ್ಕೆ? ಎರಡು ತಿಂಗಳಿಂದ ಹುಳ ಹುಳ ಅಂತ ಕುಣೀತಿದ್ದೀಯ, ಹುಳಕ್ಕೆ ಘಾಟು ಆಗಲ್ಲ ಅನ್ನೋದು ಮರೆತೋಯ್ತಾ?”

ಯಶೋಧರಾ ಪಂಪಿನ ಹತ್ತಿರ ಓಡಿ, ಅಲ್ಲಿದ್ದ ಗಂಧದ ಸೋಪಿನಿಂದ ಕೈಕಾಲು ಬೆನ್ನು ಎಲ್ಲ ಉಜ್ಜಿಕೊಂಡು ನೀರು ತೊಟ್ಟಿಕ್ಕಿಸುತ್ತ ಬಂದಳು. ಅಜ್ಜಿ ಮೂಸಿ ನೋಡಿ, ಮೊದಲು ಆಸ್ಪತ್ರೆ ಥರ ಇದ್ದೆ, ಈಗ ಮದುವೆ ಮನೆ ಥರ ಇದ್ದೀಯ, ಕಿಟಕಿ ಆಚೆ ನಿಂತು ನೋಡು, ಗಾಳಿ ಒಳಗೆ ಬೀಸೋ ಕಡೆ ಮಾತ್ರ ಬೇಡ ಅಂತ ತೀರ್ಪು ಕೊಟ್ಟರು. ರೇಷ್ಮೆ ಮನೆಯ ಮೊಮ್ಮಗಳು, ರೇಷ್ಮೆ ಹುಳದ ಮೇಲೆಯೇ ಡಿಗ್ರಿ ಮಾಡುತ್ತಿರುವವಳು, ಸೊಳ್ಳೆ ಪರದೆ ಬಡಿದ ಕಿಟಕಿಗೆ ಮೂಗು ಒತ್ತಿ ನಿಂತಳು. ನಾನು ಹುಳಕ್ಕೆ ರೋಗ ತಾಗದಿರಲೆಂದು ಹೊಸ್ತಿಲಲ್ಲಿ ಇಟ್ಟಿದ್ದ ಸುಣ್ಣದ ನೀರಿಗೆ ಕಾಲಿಟ್ಟು ಒಳಗೆ ಹೋದೆ. ನಗಬಾರದು ಅಂದುಕೊಂಡಷ್ಟೂ ನಗು ಬರುತ್ತಿತ್ತು.

ಒಳಗೆ ಊರಿನ ಆರೇಳು ಹೆಂಗಸರು ಆಗಲೇ ಕೂತಿದ್ದರು. ಹದಿನಾಲ್ಕು ವರ್ಷದಿಂದ ನಾನು ಹುಳ ಮುಟ್ಟಿರಲಿಲ್ಲ. ಹುಳದ ತಟ್ಟೆಗೆ ಬಗ್ಗಿದ ಕೂಡಲೇ ಕೈ ತನ್ನ ಪಾಡಿಗೆ ತಾನು ಹೊರಟಿತು. ಮೈ ಮಾಗಿ ಹೊಳೆಯುವ ಹುಳ ಯಾವುದು, ಇನ್ನೂ ಹಸಿರಿರುವುದು ಯಾವುದು ಅಂತ ಕಣ್ಣಿಗಿಂತ ಬೆರಳಿಗೆ ಮೊದಲು ಗೊತ್ತಾಗುತ್ತಿತ್ತು. ಆರಿಸಿದ್ದು ಎಡ ಅಂಗೈಗೆ, ಅಂಗೈ ತುಂಬಿದರೆ ಚಂದ್ರಿಕೆಗೆ.

ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಪ್ರಶ್ನೆಗಳು ಶುರುವಾದವು. ಒಳಗೆ ಕೂಗಾಡಬಾರದು ಅಂತ ಅಜ್ಜಿಯ ಕಟ್ಟಪ್ಪಣೆ, ಹಾಗಾಗಿ ಇಂಚರಳೇ ಟಪಾಲು. ಮೊಣಕೈ ಯಾಕೆ ಮೈಗೆ ಅಂಟಿಸಿಕೊಂಡಿದ್ದೀಯ ಅಂತೆ. ಉಸಿರು ಯಾವಾಗ ಬಿಡ್ತೀಯ ಅಂತೆ. ಮಗು ಪ್ರತಿ ಸಲವೂ ಸುಣ್ಣದ ನೀರಿನಲ್ಲಿ ಕಾಲು ಅದ್ದಿ ಅದ್ದಿ ಓಡಾಡಿ, ಮಧ್ಯಾಹ್ನದ ಹೊತ್ತಿಗೆ ಮಂಡಿವರೆಗೂ ಬೆಳ್ಳಗಾಗಿದ್ದಳು. ಹೆಂಗಸರು ನಕ್ಕೂ ನಕ್ಕೂ ಸುಸ್ತಾಗಿದ್ದರು. ಆಗ ತಂದಳು ಒಂದು ಪ್ರಶ್ನೆ.

“ಅಮ್ಮ, ಹುಳ ಮುಟ್ಟಿದ್ಮೇಲೆ ನಿನ್ ಕೈ ಯಾಕೆ ಒಂಚೂರು ನಿಂತ್ಕೊಳತ್ತೆ ಅಂತೆ.”

ನನ್ನ ಕೈ ನಿಲ್ಲುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ನೋಡಿಕೊಂಡೆ. ಹೌದು, ನಿಲ್ಲುತ್ತಿತ್ತು. ಉತ್ತರ ಕೊಟ್ಟವರು ಗಂಗುಲಮ್ಮ. ಎದ್ದು ತಾವೇ ಕಿಟಕಿಗೆ ಹೋಗಿ ನಿಂತರು.

“ಹುಳ ಕಾಲಲ್ಲಿ ಸೊಪ್ಪು ಹಿಡ್ಕೊಂಡಿರುತ್ತೆ ಕಣೇ. ಎಳೆದ್ರೆ ಅದಕ್ಕೆ ಪೆಟ್ಟು. ಅದಾಗೇ ಬಿಡೋಗಂಟ ಬೆರಳು ಕಾಯ್ಬೇಕು. ನಿಂಗೆ ಯಾರೂ ಹೇಳ್ಲಿಲ್ವಾ?”

ಆಮೇಲೆ ಸಂಜೆಯವರೆಗೆ ಒಂದೂ ಪ್ರಶ್ನೆ ಬರಲಿಲ್ಲ. ನಾನು ತಲೆಯೆತ್ತಿದಾಗಲೆಲ್ಲ ಯಶೋಧರಾ ಪರದೆಯಾಚೆಯಿಂದ ಕಣ್ಣು ಮಿಟುಕಿಸದೆ ನನ್ನ ಕೈಯನ್ನೇ ನೋಡುತ್ತಿದ್ದಳು.

ಸಂಜೆ ಬಸ್ ಸ್ಟಾಪಿನಲ್ಲಿ ನಾವು ಮೂವರೇ. ನನ್ನ ಬೆರಳಿಗೆ ಹುಚ್ಚು ಹಿಡಿದಿತ್ತು, ಸೀರೆಯ ಮೇಲಿನ ಸೊಪ್ಪಿನ ಚೂರನ್ನೂ ಆಯುತ್ತಿತ್ತು. ಇಂಚರ ಬಿಳೀ ಕಾಲು ಎತ್ತೆತ್ತಿ ತೋರಿಸುತ್ತ ಸುತ್ತು ಹೊಡೆಯುತ್ತಿದ್ದಳು. ಯಶೋಧರಾ ಇದ್ದಕ್ಕಿದ್ದಂತೆ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಬೋರಲು ಮಲಗಿ, ಅದರ ಅಂಚನ್ನು ಕಾಲ್ಬೆರಳಿನಿಂದ ಗಟ್ಟಿಯಾಗಿ ಹಿಡಿದುಕೊಂಡಳು. ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಬೈಕಿನವನು ಗೇರು ಇಳಿಸಿ, ನೋಡಿ, ಮತ್ತೆ ಏರಿಸಿ ಹೋದ.

“ಅಕ್ಕ, ಒಂಚೂರು ಬೆನ್ನು ಮುಟ್ಟಿ.”

ನಾನು ನಗುತ್ತಲೇ ಎರಡು ಬೆರಳು ಇಟ್ಟೆ. ಇಟ್ಟ ಮೇಲೆ ಕೈ ಅಭ್ಯಾಸಬಲದಿಂದ ನಿಂತಿತು. ಅವಳ ಬೆನ್ನು ಉಸಿರಾಡುತ್ತಿತ್ತು. ಕಾಲ್ಬೆರಳು ಒಂದೊಂದಾಗಿ ಸಡಿಲವಾದವು. ಕೊನೆಯದು ಬಿಟ್ಟಾಗ ನನ್ನ ಕೈ ತಾನಾಗಿ ಮೇಲೆದ್ದಿತು, ಅವಳೂ ಅದರ ಜೊತೆಗೇ ಎದ್ದಳು. ಇಂಚರ ಸುತ್ತುವುದನ್ನು ನಿಲ್ಲಿಸಿ, “ಓ, ಹಿಂಗೆ ವಾಪಸ್ ಬರ್ತಾರಾ” ಅಂದಳು.

ಯಶೋಧರಾ ನನ್ನ ಎರಡೂ ಕೈ ಹಿಡಿದುಕೊಂಡಳು. ಪೇನ್ ಸ್ಪ್ರೇ, ಗಂಧದ ಸೋಪು, ಸೊಪ್ಪು, ಎಲ್ಲ ಸೇರಿ ಘಮಘಮ ಅನ್ನುತ್ತಿದ್ದಳು, ಕಟ್ಟಿದ ನನ್ನ ಮೂಗಿಗೂ ಗೊತ್ತಾಯಿತು. ಹುಳ, ಹೆಂಗಸು ಎರಡೂ ತಾನೇ ಆಗಲು ಹೋಗಿ ಕೆಟ್ಟಿದ್ದು, ತನ್ನನ್ನು ತಾನೇ ಹೇಗೆ ಕಾಯುವುದು ಅಂತ ಏನೇನೋ ಒಂದೇ ಉಸಿರಿಗೆ ಹೇಳಿದಳು. ಹತ್ತು ದಿನ ಇದೆ ಅಂದಳು. ಬೆಂಗಳೂರಿನ ಸ್ಟೇಜು, ಮೇಡಂ ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ, ಇಂಚರಾನ ನಮ್ಮಮ್ಮ ನೋಡಿಕೊಳ್ತಾರೆ, ಅಪ್ಪನೇ ಕಾರಲ್ಲಿ ಕರ್ಕೊಂಡು ಹೋಗ್ತಾರೆ ಅಂದಳು. ನನಗಿನ್ನೂ ಅರ್ಥವಾಗಿರಲಿಲ್ಲ. ತಿರುವಿನಲ್ಲಿ ಬಸ್ಸು ಕಾಣಿಸಿತು.

“ಅಕ್ಕ, ಇಲ್ಲ ಅನ್ಬೇಡಿ. ಸ್ಟೇಜ್ ಮೇಲೆ ನಾನು ಬರೀ ಹುಳ ಆಗ್ತೀನಿ. ನೀವು ಬಂದು ನನ್ನ ಆಯ್ತೀರಾ?”