ಕಾಲು ಒಡ್ಡಿ ಕೂತವನು

ನನ್ನ ಗೆಳೆಯನ ಕೆಲಸ ಸೊಳ್ಳೆ ಹಿಡಿಯುವುದು. ಕೊಲ್ಲುವುದಲ್ಲ, ಹಿಡಿಯುವುದು. ಪ್ಯಾಂಟನ್ನು ಮೊಣಕಾಲಿಗೆ ಮಡಿಚಿ ಯಾವುದಾದರೂ ಮೂಲೆಯಲ್ಲಿ ಕೂರುತ್ತಿದ್ದ. ಸೊಳ್ಳೆ ಬಂದು ಕಾಲ ಮೇಲೆ ಕೂತ ಕ್ಷಣ, ಕಚ್ಚುವ ಮೊದಲೇ, ಗಾಜಿನ ಕೊಳವೆ ಹಿಡಿದು ಬಾಯಿಂದ ಉಸಿರೆಳೆದರೆ ಅದು ಒಳಗೆ. ನಡುವೆ ತೆಳುಬಟ್ಟೆ ಇರುವುದರಿಂದ ಬಾಯಿಗೆ ಬರುವುದಿಲ್ಲ. ಹಿಡಿದದ್ದನ್ನು ಆರೋಗ್ಯ ಕಚೇರಿಗೆ ಕೊಡಬೇಕು. ಯಾವ ಬೀದಿಯಿಂದ ಎಷ್ಟು ಬಂತು ಎಂದು ನೋಡಿ, ಎಲ್ಲಿಗೆ ಔಷಧಿ, ಎಲ್ಲಿಗೆ ನೀರೆತ್ತುವ ಪಂಪು ಎಂದು ಮೇಲಿನವರು ತೀರ್ಮಾನಿಸುತ್ತಿದ್ದರು.

ಮನೆಯಲ್ಲೂ ಅದೇ ಚಾಳಿ. ಮೈಮೇಲೆ ಸೊಳ್ಳೆ ಕೂತರೆ ಎಲ್ಲರೂ ಪಟ್ಟನೆ ಹೊಡೆಯುತ್ತಾರೆ, ಅವನು ಕಲ್ಲಾಗಿಬಿಡುತ್ತಿದ್ದ.

"ನೆಂಟರು ಬಂದ್ರು, ಅಲ್ಲಾಡ್ಬೇಡಿ, ಬೇಜಾರು ಮಾಡ್ಕೊಂಡಾರು" ಎಂದು ಹೆಂಡತಿ ರೇಗಿಸುತ್ತಿದ್ದರು.

ಅವರ ಮನೆಯ ಹಿಂದೆ ಅರ್ಧಕ್ಕೇ ನಿಂತ ಕಟ್ಟಡವೊಂದಿದೆ. ಪಾಲುದಾರರ ಜಗಳ ಕೋರ್ಟಿನಲ್ಲಿ, ನೆಲಮಾಳಿಗೆ ತುಂಬ ನೀರು. ಮಗಳು ಬಸುರಿಯಾಗಿ ಅಪ್ಪನ ಮನೆಯಲ್ಲಿದ್ದಳು. ಹಿಂದಿನ ವರ್ಷ ಅವಳಿಗೆ ಡೆಂಗಿ ಬಂದು ಹೋಗಿತ್ತು. ಮತ್ತೊಮ್ಮೆ ಬಂದರೆ ಜೀವಕ್ಕೇ ಅಪಾಯ. ಹೆರಿಗೆಗೆ ಮೊದಲು ಆ ನೀರು ಖಾಲಿಯಾಗಬೇಕು, ಅವನಿಗೆ ಬೇಕಿದ್ದದ್ದು ಅಷ್ಟೇ.

"ಕೋರ್ಟಲ್ಲಿರೋ ಜಾಗ ಕಣ್ರೀ, ಸುಮ್ನೆ ಕೈ ಹಾಕೋಕಾಗಲ್ಲ" ಎಂದರು ಆರೋಗ್ಯಾಧಿಕಾರಿ. "ಸೊಳ್ಳೆ ವಿಪರೀತ ಇದೆ ಅಂತ ತೋರಿಸಿ, ತುರ್ತು ಅಂತ ಮೇಲಕ್ಕೆ ಬರೀತೀನಿ."

"ಅಷ್ಟೇ ತಾನೇ ಸಾರ್? ತೋರಿಸ್ತೀನಿ."

ಡೆಂಗಿ ಇರುವ ಕಡೆ ಬರಿಗಾಲು ಒಡ್ಡಬಾರದು, ಬಲೆ ಇಡಬೇಕು ಎಂಬುದು ಅವರ ಕಚೇರಿಯದೇ ನಿಯಮ. ಆದರೆ ಬಲೆಗೆ ಬೀಳುತ್ತಿದ್ದದ್ದು ನಾಲ್ಕಾರು. ಅಷ್ಟಕ್ಕೆ ಪಂಪು ಬರುವುದಿಲ್ಲವೆಂದು ಅವನು ಬೆಳಿಗ್ಗೆ, ಸಂಜೆ ನೆಲಮಾಳಿಗೆಯ ಮೆಟ್ಟಿಲ ಮೇಲೆ ಕಾಲು ಒಡ್ಡಿ ಕೂತ. ಎಷ್ಟೇ ಕೈಚಳಕವಿದ್ದರೂ ಎರಡು ಕಾಲಿಗೆ ಕೊಳವೆ ಒಂದೇ.

"ನಿನಗೇ ಜ್ವರ ಬಂದ್ರೆ ಏನೋ ಗತಿ?" ಎಂದು ಕೇಳಿದೆ.

"ಇಷ್ಟು ವರ್ಷ ನನ್ನ ರಕ್ತ ಕುಡಿದು ಕುಡಿದು ಅವಕ್ಕೇ ಬೇಸರ ಬಂದಿದೆ ಕಣೋ."

ಜ್ವರ ಬಂತು. ಮೈ ಸುಡುತ್ತಿದ್ದರೂ ಹೋಗಿ ಕೂತ. ನಿಲ್ಲಲಾಗದೆ ಬಿದ್ದ ಮೇಲೇ ಆಸ್ಪತ್ರೆಗೆ ಒಯ್ದದ್ದು. ಜ್ವರ ಇಳಿಯಿತು. ಉಳಿದ ಎಂದುಕೊಂಡೆವು. ಇಳಿದ ಮೇಲೇ ಕೈಕೊಡುವುದು ಆ ಕಾಯಿಲೆಯ ರೀತಿಯಂತೆ, ನಮಗೆ ಆಮೇಲೆ ಹೇಳಿದರು. "ಪಂಪು ಬಂತಾ?" ಎಂದು ಎರಡು ಸಲ ಕೇಳಿದ. "ಬರುತ್ತೆ, ಮಲಗಿ" ಎಂದರು ಹೆಂಡತಿ. ಮಾರನೆಯ ದಿನ ಅವನಿರಲಿಲ್ಲ. ಇದನ್ನು ಬರೆಯುವಾಗಲೂ ಅವನಿಗೇ ಹೇಳುತ್ತಿರುವ ಹಾಗೆ ಅನಿಸುತ್ತದೆ.

ದುಃಖದ ದಿನಗಳು ಕಳೆದ ಮೇಲೆ ಅವನ ಹೆಂಡತಿಯ ಜೊತೆ ಆ ಕಚೇರಿಗೆ ಹೋದೆ. ಅಧಿಕಾರಿ ಎದ್ದು ನಿಂತು ಕುರ್ಚಿ ಕೊಟ್ಟರು. ಒಳ್ಳೆಯವರೇ.

"ಅಂಥ ಕೆಲಸಗಾರ ಸಿಗಲ್ಲಮ್ಮ" ಎಂದರು. ಪಂಪಿನ ಮಾತೆತ್ತಿದಾಗ ಕಂಪ್ಯೂಟರ್ ನೋಡಿದರು. "ಆ ಬೀದಿಯಿಂದ ಈಗ ಒಂದು ಸೊಳ್ಳೆನೂ ಬರ್ತಿಲ್ವಲ್ಲ. ಹಳೇ ಲೆಕ್ಕಕ್ಕೆ ಮೇಲಿನವರು ಒಪ್ಪಲ್ಲ. ತುರ್ತು ಅಂತ ಹೇಗೆ ಬರೀಲಿ?"

"ತರೋರೇ ಹೋದ್ರಲ್ಲ ಸಾರ್."

"ಅದು ಗೊತ್ತಮ್ಮ. ಅವರ ಜಾಗಕ್ಕೆ ಇನ್ನೂ ಯಾರನ್ನೂ ಹಾಕಿಲ್ಲ."

ಮನೆಗೆ ಬಂದೆವು. ಮಗಳಿಗೆ ತುಂಬು ತಿಂಗಳು. ಹಿಂದಿನ ಕಿಟಕಿ ಮುಚ್ಚಿ, ಸಂದಿಗೆಲ್ಲ ಹಳೇ ಬಟ್ಟೆ ತುರುಕಿ, ಸೆಕೆಯಲ್ಲಿ ಸೊಳ್ಳೆಪರದೆಯೊಳಗೆ ಕೂತಿದ್ದಳು.

"ಏನಂದ್ರಮ್ಮ?"

ಅವರು ಚಪ್ಪಲಿ ಬಿಟ್ಟು ಗೋಡೆಗೆ ಒರಗಿದರು.

"ಸೊಳ್ಳೆ ಇಲ್ವಂತೆ" ಎಂದರು.