ಮಷೀನಿನ ಊರುಗಳನ್ನು ಹಿಡಿದು ಕಾಶಿಗೆ

ಕಾಶಿಗೆ ಹೋಗುವುದೆಂದರೆ ನಮಗೆ ಒಂದು ಮಷೀನಿನಿಂದ ಇನ್ನೊಂದು ಮಷೀನಿಗೆ ಹೋಗುವುದಾಗಿತ್ತು. ನಮ್ಮ ಯಜಮಾನರ ಎರಡು ಕಿಡ್ನಿಗಳೂ ಕೆಲಸ ಬಿಟ್ಟ ಮೇಲೆ ಒಂದು ದಿನ ಬಿಟ್ಟು ಒಂದು ದಿನ ಡಯಾಲಿಸಿಸ್. ಹೈದರಾಬಾದ್, ನಾಗಪುರ, ಜಬಲ್‌ಪುರ, ಆಮೇಲೆ ಕಾಶಿ. ಎಲ್ಲೆಲ್ಲಿ ಫೋನ್ ಮಾಡಿ ಕೇಳಿದಾಗ ಅವರಿಗೊಂದು ಹಾಸಿಗೆ ಸಿಕ್ಕಿತೋ ಅದೇ ನಮ್ಮ ದಾರಿ. ಮಷೀನಿನ ದಿನ ಊರು ಬಿಡುವ ಹಾಗಿಲ್ಲ. ನಡುವಿನ ದಿನ ಕಾರು ಓಡಬೇಕು, ನೋಡುವುದೇನಾದರೂ ಇದ್ದರೆ ಅಷ್ಟರಲ್ಲೇ ನೋಡಬೇಕು.

ಬೆಂಗಳೂರಿನ ಜೋಗುಪಾಳ್ಯದ ಮನೆಯಲ್ಲಿ ಕೂತು ಇದನ್ನು ಬರೆಯುವಾಗ ಅವರು ಒಳಗೆ ಮಲಗಿದ್ದಾರೆ. ದೇವರ ದಯೆ, ಇವತ್ತು ಮಷೀನಿನ ದಿನವಲ್ಲ.

ಕೈಯ ನರಗಳು ಸೋತಿದ್ದರಿಂದ ಅವರ ಕುತ್ತಿಗೆಯ ಬುಡದಲ್ಲಿ ಒಂದು ಟ್ಯೂಬ್ ಹಾಕಿದ್ದಾರೆ. ಅದರ ಬಾಯಿ ಎದೆಯ ಮೇಲೆ, ಬ್ಯಾಂಡೇಜಿನ ಕೆಳಗೆ. ಅಲ್ಲಿ ನೀರು ತಾಗಿದರೆ ರಕ್ತಕ್ಕೇ ನಂಜು. ಮನೆಯಲ್ಲಿ ಒದ್ದೆ ಬಟ್ಟೆಯಿಂದ ನಾನೇ ಅವರ ಮೈ ಒರೆಸುತ್ತೇನೆ. ಅವರಿಗಾದರೋ ಇದ್ದದ್ದು ಒಂದೇ ಆಸೆ: ಗಂಗೆಯಲ್ಲಿ ತಲೆ ಮುಳುಗಿಸಿ ಸ್ನಾನ ಮಾಡಬೇಕು. ಶಿವಾಜಿನಗರದ ಆಸ್ಪತ್ರೆಯ ಡಾಕ್ಟರಮ್ಮ, "ಹೋಗ್ಬನ್ನಿ, ಕಣ್ತುಂಬ ನೋಡ್ಕೊಂಡ್ಬನ್ನಿ. ಆದ್ರೆ ಮುಳುಗೋ ಹಾಗಿಲ್ಲ" ಎಂದರು. ಇವರು ಕೈ ಮುಗಿದು "ಆಗ್ಲಿ ಮೇಡಂ" ಎಂದರು. ಲಿಫ್ಟಿನೊಳಗೆ ನನ್ನ ಕಡೆ ತಿರುಗಿ, "ಗಂಗಮ್ಮನಿಗಿಂತ ದೊಡ್ಡ ಡಾಕ್ಟ್ರೇನೇ ಅವ್ರು?" ಎಂದರು.

ಹಲಸೂರು ಸೋಮೇಶ್ವರನಿಗೆ ಸೋಮವಾರ ತಪ್ಪಿಸದ ಹೆಂಗಸು ನಾನು. ಗಂಗೆಯ ನೀರು ನಂಜು ಎನ್ನಲು ನಾಲಿಗೆ ಏಳಲಿಲ್ಲ. ಮುಳುಗಿ ಎನ್ನಲು ಧೈರ್ಯ ಬರಲಿಲ್ಲ.

ಬೆಳಗಿನ ಹೊತ್ತು ಅವರು ಕಾರು ಓಡಿಸುವುದು, ಬಿಸಿಲೇರಿದ ಮೇಲೆ ನಾನು ಎಂದು ಮಾತಾಗಿತ್ತು. ಕಾಯಿಲೆ ಬಂದ ಮೇಲೆ ನನಗೆ ಡ್ರೈವಿಂಗ್ ಕಲಿಸಿದವರು ಅವರೇ. "ಕೆ.ಆರ್. ಪುರದ ಜಾಮ್‌ನಲ್ಲಿ ಗಾಡಿ ಆಫ್ ಮಾಡ್ದೆ ಬಂದ್ಬಿಟ್ರೆ ನೀನು ಕಾಶಿಗೂ ಓಡಿಸ್ಬೋದು" ಎನ್ನುತ್ತಿದ್ದರು. ನಾನು ಸ್ಟೇರಿಂಗ್ ಹಿಡಿದರೆ ಪಕ್ಕದಲ್ಲಿ ಕೂತ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತಿತ್ತು.

ಮೊದಲು ನಿಂತದ್ದು ಲೇಪಾಕ್ಷಿಯಲ್ಲಿ. ನೆಲಕ್ಕೆ ಪೂರ್ತಿ ತಾಗದ ಆ ಕಂಬದ ಕೆಳಗೆ ಎಲ್ಲರ ಹಾಗೆ ನಾವೂ ಟವೆಲ್ ತೂರಿಸಿ ಎಳೆದೆವು. ಅವರಿಗೆ ಕುಡಿಯುವ ನೀರಿಗೂ ಲೆಕ್ಕವಿದೆ. ತೀರ್ಥ ಕೊಟ್ಟರೆ ಒಂದು ತೊಟ್ಟು ನಾಲಿಗೆಗೆ ಮುಟ್ಟಿಸಿ ಉಳಿದದ್ದನ್ನು ತಲೆಗೆ ಸವರಿಕೊಳ್ಳುತ್ತಾರೆ. ಪ್ರಸಾದದ ಬಾಳೆಹಣ್ಣೂ ಆಗದು. ಇಬ್ಬರ ಪಾಲಿನ ಹಣ್ಣನ್ನೂ ನಾನೇ ತಿಂದೆ.

"ನನ್ನ ಕಿಡ್ನಿ ಹೋಗಿದ್ದು ನಿಂಗೆ ಒಳ್ಳೇ ಲಾಭ ಆಯ್ತು ಬಿಡು" ಎಂದರು.

"ರೀ, ದೇವಸ್ಥಾನದಲ್ಲಿ ಅಂಥ ಮಾತಾಡ್ಬೇಡಿ."

"ದೇವ್ರಿಗೆ ಗೊತ್ತಿಲ್ದೇ ಇರೋದಾ?"

ಹೈದರಾಬಾದಿನಲ್ಲಿ ಮಷೀನು ಮುಗಿದ ಮರುದಿನ, ಹೊರಡುವ ಮೊದಲು ಗೋಲ್ಕೊಂಡಕ್ಕೆ ಹೋದೆವು. ಮೆಟ್ಟಿಲು ಹತ್ತುವುದು ಅವರಿಂದಾಗದು. ಬಾಗಿಲಿನ ಗುಮ್ಮಟದ ಕೆಳಗೆ ಚಪ್ಪಾಳೆ ತಟ್ಟಿದರೆ ಬೆಟ್ಟದ ತುದಿಗೆ ಕೇಳಿಸುತ್ತದಂತೆ. ಅವರು ಕತ್ತೆತ್ತಿ ತಟ್ಟಿದರು. "ನಾವ್ ಬಂದಿದ್ದು ಮೇಲ್ಗಡೆಯವ್ರಿಗೆ ಗೊತ್ತಾಯ್ತಲ್ಲ, ಸಾಕು ನಡಿ" ಎಂದು ಕಾರಿಗೆ ವಾಪಸು ಬಂದರು. ನಾನು ನಗಲಿಲ್ಲ. ಪ್ರತಿ ಊರು ದಾಟಿದಂತೆ ಗಂಗೆ ಹತ್ತಿರವಾಗುತ್ತಿತ್ತು, ಅಲ್ಲಿ ಇವರು ಮುಳುಗಿಬಿಟ್ಟರೆ ಎಂಬ ಭಯವೂ.

ಜಬಲ್‌ಪುರದ ಹತ್ತಿರ ನರ್ಮದೆಯ ಜಲಪಾತವಿದೆ. ನೀರು ಬಿದ್ದ ರಭಸಕ್ಕೆ ಹೊಗೆಯಂತೆ ಹನಿ ಮೇಲೇಳುತ್ತದೆ. ನಾನು ದೂರದಿಂದ ನೋಡೋಣವೆಂದೆ. ಅವರು ಕಂಬಿಯವರೆಗೂ ನಡೆದು ಹೋಗಿ ಮುಖವೊಡ್ಡಿ ನಿಂತರು. ಛತ್ರಿ ಹಿಡಿದರೆ ಪಕ್ಕಕ್ಕೆ ತಳ್ಳಿದರು.

"ಇದು ಮುಳುಗೋದಲ್ವಲ್ಲ. ಅಮ್ಮ ತಾನೇ ಬಂದು ಪ್ರೋಕ್ಷಣೆ ಮಾಡ್ತಿದ್ದಾಳೆ, ಬೇಡ ಅನ್ಲಾ?"

ಕಾಯಿಲೆ ಬಿದ್ದ ಮೇಲೆ ಆ ಮುಖದಲ್ಲಿ ಅಂಥ ಕಳೆ ನಾನು ಕಂಡಿರಲಿಲ್ಲ. ರೂಮಿಗೆ ಬಂದು ಬ್ಯಾಂಡೇಜ್ ಬಿಚ್ಚಿದರೆ ಒಳಗಿನ ಹತ್ತಿಯೂ ಒದ್ದೆ. ಒರೆಸಿ ಹೊಸದು ಹಾಕಿದೆ. ಮರುದಿನ ಮಷೀನಿಗೆ ಸೇರಿಸಿದ ಸ್ವಲ್ಪ ಹೊತ್ತಿಗೇ ಅವರು ನಡುಗತೊಡಗಿದರು. ಹಲ್ಲು ಕಟಕಟಿಸಿತು, ಮಂಚ ಅಲುಗಿತು. ನರ್ಸ್ ಒಂದರ ಮೇಲೊಂದು ಕಂಬಳಿ ಹೊದಿಸಿ, ನೀರು ತಾಗಿತ್ತಾ ಎಂದು ಹಿಂದಿಯಲ್ಲಿ ಕೇಳಿದಳು. ಹೌದೆಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಮನಸ್ಸಿಗೆ ಸಮಾಧಾನವಾಗುತ್ತಿತ್ತೇನೋ. ನಾನು ಕಂಬಳಿಯ ಮೇಲಿಂದಲೇ ಅವರ ಎರಡು ಪಾದಗಳನ್ನು ಹಿಡಿದು ಕೂತೆ.

ಜ್ವರ ಬಿಡುವವರೆಗೂ ಆ ಊರಲ್ಲೇ ಉಳಿದೆವು. ಟ್ಯೂಬ್ ಕಿತ್ತು ಬೇರೆ ಹಾಕುವ ಪ್ರಸಂಗ ಬರಲಿಲ್ಲ, ಅದು ಒಂದು ದಯೆ. ರೂಮಿನ ಮಾಲೀಕರ ಹೆಂಡತಿ ಕೇಳದೆಯೇ ಉಪ್ಪಿಲ್ಲದ ಕಿಚಡಿ ಕಳಿಸಿದಳು, ಅದು ಇನ್ನೊಂದು.

"ವಾಪಸ್ ಹೋಗೋಣ ರೀ" ಎಂದೆ.

ಗೋಡೆ ಕಡೆ ಮುಖ ಮಾಡಿ ಮಲಗಿದ್ದವರು, "ಇಲ್ಲಿಂದ ಬೆಂಗ್ಳೂರಿಗಿಂತ ಕಾಶಿನೇ ಹತ್ರ ಕಣೇ" ಎಂದರು.

"ಅಲ್ಲಿ ಹೋಗಿ ಮುಳುಗ್ತೀರಾ? ಒಂದ್ಮಾತು ಹೇಳ್ಬಿಡಿ."

ಅವರು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡರು. ಕಾಶಿಯವರೆಗೂ ನಾನೇ ಓಡಿಸಿದೆ. ಅವರು ಒಮ್ಮೆಯೂ ಇಲ್ಲದ ಬ್ರೇಕ್ ಒತ್ತಲಿಲ್ಲ, ಲಾರಿ ಹಿಂದಿಕ್ಕು ಎನ್ನಲಿಲ್ಲ.

ಕೇದಾರ ಘಾಟಿನಲ್ಲಿ ಕನ್ನಡ ಬಲ್ಲ ಪುರೋಹಿತರೊಬ್ಬರು ಸಿಕ್ಕರು. ನಮ್ಮಿಬ್ಬರನ್ನೂ ಕೂರಿಸಿ ಸಂಕಲ್ಪ ಮಾಡಿಸಿದರು. ದಂಪತಿ ಸ್ನಾನವೆಂದು ನನ್ನ ಸೆರಗಿಗೂ ಅವರ ಶಲ್ಯಕ್ಕೂ ಗಂಟು ಹಾಕಿದರು. ಇಬ್ಬರೂ ಮೆಟ್ಟಿಲಿಳಿದೆವು. ನೀರು ಅವರ ಮೊಣಕಾಲಿಗೆ ಬಂತು. ಇನ್ನೊಂದು ಮೆಟ್ಟಿಲಿಳಿದರು, ತೊಡೆಗೆ ಬಂತು. ನಾನು ಕೈ ಹಿಡಿಯಲಿಲ್ಲ, ಬೇಡವೆನ್ನಲಿಲ್ಲ. ತಾಯೀ, ಅವರು ಮುಳುಗಿದರೆ ಇನ್ನು ನಿನ್ನ ಜವಾಬ್ದಾರಿ ಎಂದು ಮನಸ್ಸಿನಲ್ಲೇ ಹೇಳಿದೆ.

ಅವರು ಬೊಗಸೆಯಲ್ಲಿ ನೀರೆತ್ತಿ ಸೂರ್ಯನಿಗೆ ಬಿಟ್ಟರು. ಮತ್ತೆ ಎತ್ತಿದರು, ಮತ್ತೆ ಬಿಟ್ಟರು. ಆಮೇಲೆ ಒದ್ದೆ ಕೈಯನ್ನು ಶಲ್ಯಕ್ಕೆ ಒರೆಸಿಕೊಂಡು, ಎದೆಯ ಬ್ಯಾಂಡೇಜನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

"ಅವತ್ತು ನಡುಗ್ತಿದ್ದಾಗ ನೀನು ಕಾಲು ಹಿಡ್ಕೊಂಡು ಕೂತಿದ್ಯಲ್ಲ" ಎಂದರು. "ನಿನ್ ಮುಖ ನೋಡಕ್ಕಾಗ್ಲಿಲ್ಲ ಕಣೇ." ಆಮೇಲೆ ನೀರಿನ ಕಡೆ ತೋರಿಸಿ, "ನೀನೇ ಮುಳುಗು. ನನ್ ಹೆಸ್ರಲ್ಲಿ" ಎಂದರು.

ಮುಳುಗಿದೆ. ಕಿವಿ ತುಂಬ ನೀರು. ಅಷ್ಟರಲ್ಲೇ ಸೆರಗು ಜಗ್ಗಿತು. ಮೇಲೆದ್ದರೆ ಅವರು ಗಾಬರಿಯಾಗಿ ನಿಂತಿದ್ದರು.

"ಎಷ್ಟ್ ಹೊತ್ತೇ! ಉಸಿರು ಕಟ್ಟಲ್ವಾ?"

"ಈಗ ತಾನೇ ಮುಳುಗಿದ್ದು ರೀ."

ಮೂರು ಸಲ ಮುಳುಗಿದೆ, ಮೂರು ಸಲವೂ ಅವರು ಬೇಗನೆ ಜಗ್ಗಿದರು. ಹತ್ತಿ ಬರಲು ಮೆಟ್ಟಿಲಿಗೆ ಕಾಲಿಟ್ಟಾಗ ತಡೆದರು.

"ಮೂರೂ ನನ್ ಹೆಸ್ರಲ್ಲೇ ಮುಳುಗಿದ್ಯಾ?"

"ಇನ್ಯಾರ್ ಹೆಸ್ರಲ್ಲಿ?"

"ಮತ್ತೆ ನಿಂದು?"

ನನಗದು ಹೊಳೆದೇ ಇರಲಿಲ್ಲ. ನನಗೇನೂ ಬೇಡ, ಇದೇ ಸಾಕು ಎಂದೆ. ಅವರು ಕೇಳಲಿಲ್ಲ. ಹಿಂದೆ ಸರಿದು ಒಣ ಮೆಟ್ಟಿಲ ಮೇಲೆ ಗಟ್ಟಿಯಾಗಿ ನಿಂತರು. ಶಲ್ಯದ ತುದಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡರು.

"ನಿನ್ ಹೆಸ್ರಲ್ಲಿ ಒಂದ್ಸಲ ಮುಳುಗು. ಈ ಸಲ ಜಗ್ಗಲ್ಲ. ನಿಧಾನಕ್ಕೆ ಏಳು."

ಮೂಗು ಹಿಡಿದು ಮುಳುಗಿದೆ. ಅವರು ಜಗ್ಗಲಿಲ್ಲ.